ಒಂದೇ ಸಲಕ್ಕೆ ತಿರುಗದ ಜೀಪು

ಕಳೆದ ವಾರ ಶಿವಮೊಗ್ಗದ ದುರ್ಗಿಗುಡಿಯ ಹತ್ತಿರ ನನ್ನ ಸ್ಕೂಟರಿನ ಪಕ್ಕದಲ್ಲೇ ಒಂದು ಜೀಪು ಬಲಕ್ಕೆ ತಿರುಗಿತು. ಸೊಂಟದೆತ್ತರದ ಟೈರುಗಳು. ತಿರುಗುವಾಗ ಗರ್ರ್ ಎಂದು ಸದ್ದು, ಹಿಂದೆಯೇ ಬಿಸಿ ರಬ್ಬರಿನ ವಾಸನೆ. ಟೈರು ಮಡ್‌ಗಾರ್ಡಿಗೆ ಉಜ್ಜಿದರೆ ಬರುವ ವಾಸನೆ ಅದು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವಳಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ನಮ್ಮ ಭಾವನಿಂದ ಗೊತ್ತು. ಆ ಮನುಷ್ಯ ನನಗೆ ಕಲಿಸಿದ್ದು ಅದೊಂದೇ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಬದುಕಿದ್ದಾಗ ಮುಖಕ್ಕೇ ಹೇಳಿದವಳು ನಾನು. ಈಗ ಹೊಗಳಲು ಹೊರಟರೆ ಅವರಿಗೇ ಅನುಮಾನ ಬಂದೀತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ನ್ಯೂ ಟೌನಿನಲ್ಲಿ, ಸಾಲುಮನೆಗಳ ಗಲ್ಲಿಯ ಕೊನೆಯಲ್ಲಿ ಅವರ ಮನೆ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಫೈಲು ನೋಡುವ ಕೆಲಸ. ಅಂಥವರಿಗೆ ನಲವತ್ತು ದಾಟಿದ ಮೇಲೆ ಜೀಪಿನ ಹುಚ್ಚು ಹಿಡಿಯಿತು. ಹಳೆಯ ಜೀಪೊಂದನ್ನು ಕೊಂಡರು. ಅಲ್ಲಿಗೆ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಶಿವಮೊಗ್ಗಕ್ಕೆ ಹೋಗಿ, ಕಾಡುಗುಡ್ಡ ಹತ್ತುವವರು ಹಾಕಿಸುವಂಥ ದೊಡ್ಡ ಟೈರುಗಳನ್ನು ಹಾಕಿಸಿಕೊಂಡು ಬಂದರು. ಆ ಜೀಪು ಹತ್ತಿದ ಅತಿ ದೊಡ್ಡ ಗುಡ್ಡ ಯಾವುದು ಗೊತ್ತೇ? ಶಂಕರಘಟ್ಟದ ರಸ್ತೆಯ ಹಂಪು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ… ಇವರು ಆ ಜೀಪಿನಲ್ಲಿ ಕೊತ್ತಂಬರಿ ಸೊಪ್ಪು ತರಲು ಹೋಗುತ್ತಿದ್ದರು.

ಟೈರು ಹಾಕಿಸಿಕೊಂಡು ಬಂದ ದಿನವೇ ಮೊದಲ ತಿರುವಿನಲ್ಲಿ ಗರ್ರ್ ಎಂದಿತಂತೆ. "ಏನ್ರೀ ಅದು ಸದ್ದು?" ಎಂದು ಅಕ್ಕ ಕೇಳಿದಳಂತೆ. "ಹೊಸ ಟೈರು ಕಣೇ, ಪಳಗ್ಬೇಕು" ಅಂದರಂತೆ. ಎತ್ತೇ ಅದು, ಪಳಗಲು! ಎರಡು ವಾರ ಕಳೆದರೂ ಪಳಗಲಿಲ್ಲ. ಆಮೇಲೆ ರಸ್ತೆ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಒಂದು ಭಾನುವಾರ, ಓಲ್ಡ್ ಟೌನಿನಲ್ಲಿ ಜೀಪುಗಳನ್ನೇ ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಹೊರಟರು. ನಾನೂ ಅಕ್ಕನೂ ಜೊತೆಗಿದ್ದೆವು.

ಮೇಸ್ತ್ರಿ ವಯಸ್ಸಾದವರು, ಬಾಯಿ ತುಂಬ ಎಲೆಯಡಿಕೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಎಲೆಗೆ ಹಚ್ಚುವ ಸುಣ್ಣವನ್ನು ಬೆರಳಿನಲ್ಲಿ ತೆಗೆದು ಮುಂದಿನ ಎರಡು ಟೈರುಗಳ ಅಂಚಿಗೂ ಸುತ್ತ ಬಳಿದರು. "ಸಾರ್, ಸ್ಟೇರಿಂಗ್ ಪೂರಾ ತಿರುಗ್ಸಿ. ಈ ಕಡೆ… ಈಗ ಆ ಕಡೆ. ಹಂಗೇ ನಿಧಾನಕ್ಕೆ ಮುಂದಕ್ಕೆ ಬನ್ನಿ." ಆಮೇಲೆ ಬಗ್ಗಿ ಒಳಗೆ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಮಡ್‌ಗಾರ್ಡಿನ ತುಟಿಯ ಮೇಲೆ ಒಂದು ಬಿಳಿ ಗೀಟು, ಒಳಗೆ ಸ್ಪ್ರಿಂಗಿನ ಕಮಾನು ಪಟ್ಟಿಯ ಮೇಲೆ ಇನ್ನೊಂದು. ಎಲ್ಲೆಲ್ಲಿ ಸುಣ್ಣ ಅಂಟಿದೆಯೋ ಅಲ್ಲಲ್ಲಿ ಟೈರು ಉಜ್ಜುತ್ತಿದೆ. ಅಷ್ಟು ಸರಳ! ಎರಡು ವಾರದಿಂದ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಪಂಡಿತರಾಗಿದ್ದ ನಮ್ಮ ಭಾವನಿಗೆ ಅದು ಹೊಳೆದಿರಲಿಲ್ಲ.

"ಹೊರಗಿಂದು ಕಟ್ ಮಾಡ್ಕೊಡ್ತೀನಿ" ಅಂದರು ಮೇಸ್ತ್ರಿ. "ಒಳಗಿಂದು ಕಷ್ಟ. ಹಳೇ ಟೈರೇ ಹಾಕ್ಕೊಳ್ಳಿ ಸಾರ್. ಗಾಡೀನೂ ಸುಖವಾಗಿರುತ್ತೆ, ನೀವೂ ಸುಖವಾಗಿರ್ತೀರಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ" ಅಂದರು ಭಾವ.

ಮೇಸ್ತ್ರಿ ಪಿಚಕ್ಕೆಂದು ಉಗಿದು ಬಂದರು. ಚಕ್ರ ಇಷ್ಟಕ್ಕಿಂತ ಹೆಚ್ಚು ತಿರುಗದಂತೆ ತಡೆಯುವ ಬೋಲ್ಟು ಒಂದಿರುತ್ತದಂತೆ. ಅದಕ್ಕೆ ವಾಷರು ಕೊಟ್ಟರೆ ಚಕ್ರ ಪೂರ್ತಿ ತಿರುಗುವುದಿಲ್ಲ, ಪಟ್ಟಿಗೆ ತಾಗುವುದೂ ಇಲ್ಲ. "ಆದ್ರೆ ನೋಡಿ ಸಾರ್, ಒಂದೇ ಸಲಕ್ಕೆ ತಿರುಗೋ ಜಾಗದಲ್ಲಿ ಮೂರು ಸಲ ಹಿಂದೆ ಮುಂದೆ ಮಾಡ್ಬೇಕಾಗುತ್ತೆ. ನಿಮ್ಮ ಗಲ್ಲೀಲಿ ಆಗುತ್ತಾ?"

ಭಾವ ಗದ್ದದಲ್ಲೇ ಅಕ್ಕನನ್ನು ತೋರಿಸಿದರು. "ಅದಕ್ಕೇನು, ಇವಳು ಇಳ್ದು ಸೈಡ್ ಹೇಳ್ತಾಳೆ."

ಮೇಸ್ತ್ರಿ ಅಕ್ಕನ ಮುಖ ನೋಡಿದರು. ಅಕ್ಕ ನಕ್ಕುಬಿಟ್ಟಳು. ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು.

ಅಂದಿನಿಂದ ಶುರುವಾಯಿತು ಅವಳ ಚಾಕರಿ. ಗಲ್ಲಿಯಲ್ಲಿ ಇಳಿ, ಸಂತೆಯಲ್ಲಿ ಇಳಿ, ಮದುವೆ ಮನೆಯ ಗೇಟಿನಲ್ಲಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಇಳಿ. ಹಿಂದೆ ಹೋಗಿ ಕೈಯೆತ್ತಿ ನಿಂತು, "ಬರ್ಲಿ… ಬರ್ಲಿ… ಬರ್ಲಿ… ಸಾಕು ಸಾಕು!" ಇಷ್ಟೆಲ್ಲ ಮಾಡಿಯೂ ಬೈಗುಳ ಬೇರೆ: "ಸರಿಯಾಗಿ ಹೇಳೋಕೆ ಬರಲ್ವೇನೇ ನಿಂಗೆ?" ಕನ್ನಡಿ ನೋಡಲು ಬಾರದವರು ಕೇಳುವ ಪ್ರಶ್ನೆ ಅದು.

ಕೆಲವು ವರ್ಷಗಳಲ್ಲಿ ಅಕ್ಕನಿಗೆ ಮಂಡಿನೋವು ಬಂತು. ಡಾಕ್ಟರು ಹತ್ತಿ ಇಳಿಯುವುದನ್ನು ಕಡಿಮೆ ಮಾಡಿ ಎಂದಿದ್ದರು. ಟೈರಿನ ದೆಸೆಯಿಂದ ಜೀಪು ಮೊದಲಿಗಿಂತ ಎತ್ತರವಾಗಿತ್ತಲ್ಲ, ಹತ್ತುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಹಳೆಯ ನಾಲ್ಕು ಟೈರುಗಳು ಹಿತ್ತಲಿನಲ್ಲಿದ್ದವು. ಅವುಗಳಲ್ಲಿ ಮಣ್ಣು ತುಂಬಿ ಅವಳು ಪುದೀನ ಬೆಳೆಸಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಒಂದರ ಮಣ್ಣು ಪುದೀನ ಎಲ್ಲ ಸುರಿದು, ಟೈರನ್ನು ಉರುಳಿಸಿಕೊಂಡು ಬಂದು ಹೊಸ್ತಿಲ ಮುಂದೆ ಕೆಡವಿದೆ.

"ಭಾವ, ಇವತ್ತು ಇದನ್ನ ಹಾಕಿಸ್ತೀರೋ ಇಲ್ವೋ? ಇಲ್ಲ ಅಂದ್ರೆ ನಾನು ಈ ಮನೆಗೆ ಕಾಲಿಡಲ್ಲ."

ಅವರು ಪೇಪರಿನಿಂದ ತಲೆಯೆತ್ತಿ, "ಕೈ ತೊಳ್ಕೊಂಡು ಬಾ, ಕಾಫಿ ಆರ್ತಿದೆ" ಅಂದರು. ಅಷ್ಟೇ! ಅಕ್ಕ ಟೈರನ್ನು ವಾಪಸು ಉರುಳಿಸಿಕೊಂಡು ಹೋಗಿ, ಚೆಲ್ಲಿದ ಪುದೀನವನ್ನು ಮತ್ತೆ ನೆಟ್ಟಳು. "ಹೋಗ್ಲಿ ಬಿಡೇ ಮಾರಾಯ್ತಿ, ಅವರಿಗೆ ಇನ್ನೇನಿದೆ ಹೇಳು" ಅಂದಳು. ಆರು ತಿಂಗಳು ನಾನು ಆ ಮನೆಗೆ ಹೋಗಲಿಲ್ಲ.

ಮತ್ತೆ ಹೋದಾಗ ಜೀಪಿನೊಳಗೆ ಹಿಂದುಗಡೆ ಒಂದು ಮರದ ಸ್ಟೂಲು ಕಂಡಿತು. ಜೀಪಿನದೇ ಹಸಿರು ಬಣ್ಣ ಬಳಿದಿದ್ದರು. ಅಕ್ಕ ಹತ್ತುವಾಗ, ಇಳಿಯುವಾಗ, ಭಾವ ತಾವೇ ಇಳಿದು ಸುತ್ತಿಕೊಂಡು ಬಂದು ಅದನ್ನು ಅವಳ ಕಾಲ ಬುಡದಲ್ಲಿ ಇಡುತ್ತಿದ್ದರು. ಅವಳ ಕೈಯನ್ನೂ ಹಿಡಿಯುತ್ತಿದ್ದರು. ಹಾಗಾದರೆ ಇಳಿಯಲು ಬರುತ್ತಿತ್ತು ದೊರೆಗೆ! ಟೈರು ಬದಲಿಸುವುದು ಬಿಟ್ಟು ಬೇರೆ ಎಲ್ಲವನ್ನೂ ಮಾಡಿದರು. ಸ್ಟೂಲು ಇಟ್ಟು, ಇಳಿಸಿ, ವಾಪಸು ಹೋಗಿ ಕೂತು, ಅದೇ ಬಾಯಲ್ಲಿ, "ಸರಿಯಾಗಿ ಹೇಳೋಕೆ ಬರಲ್ವೇನೇ?"

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹಾಗೇ ಒರಗಿದವರು ಏಳಲಿಲ್ಲ…

ಜೀಪು ಯಾರಿಗೆ ಬೇಕು? ಮೇಸ್ತ್ರಿಯೇ ಒಬ್ಬ ಗಿರಾಕಿಯನ್ನು ಹುಡುಕಿ ಕರೆದುಕೊಂಡು ಬಂದರು. ಹೂವಿನ ಗಿಡಗಳ ನರ್ಸರಿ ನಡೆಸುವವರು. "ಸಸಿ ಸಾಗ್ಸೋಕೆ ಗಾಡಿ ಬೇಕು ನಂಗೆ, ಸಿನಿಮಾ ಶೂಟಿಂಗಿಗಲ್ಲ. ಈ ಟೈರು ಬೇಡವೇ ಬೇಡ" ಅಂದರು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಹಿತ್ತಲಿನ ಹಳೆಯ ಟೈರುಗಳು ಬಿಸಿಲಿಗೆ ಬಿರಿದಿದ್ದವು. ಮೇಸ್ತ್ರಿ ಅದೇ ಅಳತೆಯ ಬೇರೆ ನಾಲ್ಕನ್ನು ತಂದಿದ್ದರು. ಗಲ್ಲಿಯಲ್ಲೇ ಜಾಕಿ ಕೊಟ್ಟು ಹಾಕಿದರು, ವಾಷರು ಬಿಚ್ಚಿದರು. ಸ್ಟೂಲನ್ನು ತೆಗೆದು ಜಗಲಿಯ ಮೇಲಿಟ್ಟು, "ಅಮ್ಮಾ, ಇದು ನಿಮ್ದು" ಅಂದರು. ಇಷ್ಟು ವರ್ಷ ನಾನು ಬೇಡಿ, ಬೈದು, ಮುನಿಸಿಕೊಂಡರೂ ಆಗದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು.

ಮೇಸ್ತ್ರಿ ಜೀಪು ಹತ್ತಿ ಸ್ಟಾರ್ಟ್ ಮಾಡಿದರು. ಸದ್ದು ಕೇಳಿದ್ದೇ ತಡ, ಅಕ್ಕ ಎದ್ದಳು. ಚಪ್ಪಲಿ ಹಾಕಿಕೊಂಡು, ಕುಂಟುತ್ತಾ ಜೀಪಿನ ಹಿಂದಕ್ಕೆ ಹೋಗಿ, ಗಲ್ಲಿಯ ನಡುವೆ ಕೈಯೆತ್ತಿ ನಿಂತಳು. "ಬರ್ಲಿ… ಬರ್ಲಿ…"

ಜೀಪು ಹಿಂದಕ್ಕೆ ಬರಲೇ ಇಲ್ಲ. ಒಂದೇ ಸಲಕ್ಕೆ ತಿರುಗಿ, ಸದ್ದಿಲ್ಲದೆ, ಗಲ್ಲಿ ದಾಟಿ ಹೊರಟುಹೋಯಿತು. ಅಕ್ಕ ಕೈಯೆತ್ತಿಕೊಂಡು ಅಲ್ಲೇ ನಿಂತಿದ್ದಳು. ಆಮೇಲೆ ಕೈ ಇಳಿಸಿ, ಖಾಲಿ ಗಲ್ಲಿಗೆ "ಸಾಕು… ಸಾಕು" ಅಂದಳು. ಗೆದ್ದವಳು ನಾನು. ಆದರೆ ಅವಳ ಹತ್ತಿರ ಹೋಗಲು ನನಗೆ ಕಾಲೇ ಬರಲಿಲ್ಲ.

ದುರ್ಗಿಗುಡಿಯಲ್ಲಿ ಆ ವಾಸನೆ ಮೂಗಿಗೆ ಬಡಿದ ಸಂಜೆ ನೇರ ಭದ್ರಾವತಿಗೇ ಹೋದೆ. ಅಕ್ಕ ಹಸಿರು ಸ್ಟೂಲಿನ ಮೇಲೆ ಕೂತು ಪುದೀನ ಬಿಡಿಸುತ್ತಿದ್ದಳು. ನಿನ್ನ ಗಂಡನಂಥವನೇ ಇನ್ನೊಬ್ಬ ಮಹಾನುಭಾವ ಸಿಕ್ಕಿದ್ದ ಕಣೇ, ಗರ್ರ್ ಅನ್ನಿಸಿಕೊಂಡು ಹೋದ ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು.

"ಒಳಗಡೆ ತಾಗ್ತಿತ್ತೋ, ಹೊರಗಡೇನೋ?"

"ನಂಗೇನೇ ಗೊತ್ತು?"

"ಸುಣ್ಣ ಹಚ್ಚಿ ನೋಡು ಅನ್ಬೇಕಿತ್ತು ಪಾಪ" ಅಂದಳು. "ಜೊತೇಲಿ ಯಾರಾದ್ರೂ ಇದ್ರಾ, ಸೈಡ್ ಹೇಳೋಕೆ?"

ಇಲ್ಲ, ಒಬ್ಬನೇ ಇದ್ದ ಎಂದೆ. ನಾಲಿಗೆ ತುದಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಬೈದರೆ ಪೇಪರಿನಿಂದ ತಲೆಯೆತ್ತಿ ಕಾಫಿ ಆರ್ತಿದೆ ಅನ್ನುವವರು ಯಾರಿದ್ದಾರೆ ಈಗ… ಕೈ ತೊಳೆದುಕೊಂಡು ಬಂದು, ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ನಾನೂ ಪುದೀನ ಬಿಡಿಸಿದೆ.