ಗುಜರಿಗೆ ಹಾಕಿದ ಮಶೀನು

ಆಗಿನ ಬೇಸಿಗೆ ಸೂಟಿ ಎಂದರೆ ಅಥಣಿಯವರಿಗೆಲ್ಲ ದ್ರಾಕ್ಷಿ ನೆನಪಾಗಬಹುದು. ನನಗೆ ಮಾತ್ರ ಅಪ್ಪನ ಟೈಪಿಂಗ್ ಕ್ಲಾಸಿನ ವಾಸನೆ: ಮಶೀನಿನ ಎಣ್ಣೆ, ರಿಬ್ಬನ್ನಿನ ಮಸಿ, ಹುಡುಗರು ಕಿಸೆಯಲ್ಲಿ ತರುತ್ತಿದ್ದ ಚುರುಮುರಿ.

ಟೈಪ್‌ರೈಟರಿನ ಆ ಇಂಗ್ಲಿಷ್ ಅಕ್ಷರಗಳ ಚೆಂದವೇ ಬೇರೆ. ತಲೆಗೂ ಕಾಲಿಗೂ ದಪ್ಪ ಪಟ್ಟಿ. ಬಡಕಲು ‘ಐ’ ಕೂಡ ಕಾಲಗಲಿಸಿ ದಢೂತಿ ‘ಎಂ’ನಷ್ಟೇ ಜಾಗ ಹಿಡಿಯುತ್ತಿತ್ತು. “ಇಲ್ಲಿ ಎಲ್ಲಾರಿಗೂ ಒಂದ ಅಳತಿ,” ಎನ್ನುತ್ತಿದ್ದ ಅಪ್ಪ. ಹಾಗಾಗಿ ಬರೀ ಜಾಗ ಬಿಡುವ ಸ್ಪೇಸ್ ಬಾರ್ ಒತ್ತಿಯೇ ಅಕ್ಷರಗಳನ್ನು ಒಂದರ ಕೆಳಗೊಂದು ನೇರ ಸಾಲಾಗಿ ಕೂಡಿಸಬಹುದಿತ್ತು.

ಅಪ್ಪನ ಕೈಯಲ್ಲೇ ಕಲಿತ ಬಾಬು ನಮ್ಮ ಕ್ಲಾಸಿನ ಕೆಳಗಡೆಯೇ ಕಂಪ್ಯೂಟರ್ ಅಂಗಡಿ ಹಾಕಿದ. ಹಾಕಲಿ. ಆದರೆ ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು, ಹುಡುಗರಿಗೆಲ್ಲ ಕೇಳುವಂತೆ, “ಸರ್, ಆ ಡಬ್ಬಾ ಗುಜರಿಗೆ ಹಾಕ್ರಿ. ಇನ್ನ ಯಾರ್ ಹೊಡೀತಾರ್ರಿ ಅದನ್ನ?” ಎಂದ. ಹುಡುಗರು ನಕ್ಕರು. ಅಪ್ಪನೂ ನಕ್ಕ. ಅಪ್ಪನ ಆ ನಗು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮುಂದಿನ ವಾರಕ್ಕೆ ಅರ್ಧ ಕ್ಲಾಸು ಖಾಲಿಯಾಯಿತು. ಬಾಬುವಿನ ಮುಖಕ್ಕೆ ಮಂಗಳಾರತಿ ಆಗಲಿ ಎಂದು ನಾನು ದಿನಾ ಬಸದಿಯಲ್ಲಿ ಕೈಮುಗಿದೆ.

ಆಯಿತು. ಊರಿನ ಒಂದು ಇಂಗ್ಲಿಷ್ ಶಾಲೆಯ ಪರೀಕ್ಷೆಯ ವೇಳಾಪಟ್ಟಿ ಟೈಪು ಮಾಡುವ ಕೆಲಸ ಅವನಿಗೆ ಬಂತು. ಟೈಪ್‌ರೈಟರ್ ತರಹದ ಅಕ್ಷರದಲ್ಲೇ, ಹಳೇ ರೂಢಿಯಂತೆ ಸ್ಪೇಸ್ ಬಾರ್ ಹೊಡೆದು ಸಾಲು ಕೂಡಿಸಿದ. ಕೊನೆಗೆ ಚೆಂದ ಕಾಣಲೆಂದು ನಾಜೂಕಿನ ಅಕ್ಷರಕ್ಕೆ ಬದಲಿಸಿ, ಕಣ್ಣೆತ್ತಿಯೂ ನೋಡದೆ ಪ್ರಿಂಟು ಹೊಡೆದ. ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಳತೆ. ಸಾಲೆಲ್ಲ ಜಾರಿ, ಆರನೇ ಇಯತ್ತೆಯ ಗಣಿತ ಐದನೇ ಇಯತ್ತೆಯವರ ಪಾಲಿಗೆ ಬಂತು. ಶಾಲೆಯವರು ಗಂಟುಗಟ್ಟಲೆ ಕಾಗದವನ್ನು ಅವನ ಅಂಗಡಿಯ ಮುಂದೆ ಒಗೆದು ಬೈದು ಹೋದರು.

ಬಾಬು ಮೆಟ್ಟಿಲು ಹತ್ತಿ ಬಂದ. “ಸರ್, ಸಾಲು ನಿಂದ್ರವಲ್ಲವ್ರಿ. ಯಾಕಂತ ತಿಳೀವಲ್ದು.”

ಅಪ್ಪ ಕಾಗದ ನೋಡಿದ. “ಹೇಳ್ತೀನಿ. ಮೊದಲ ಇಲ್ಲಿ ಕೂಡು. ಒಂದನೇ ಪಾಠಾ ಹೊಡಿ.”

“ಸರ್, ಈಗೇನ್ರೀ…”

“ಡಬ್ಬಾ ಇನ್ನ ಗುಜರಿಗೆ ಹೋಗಿಲ್ಲ. ಹೊಡಿ ಲೇ.”

ಅವನು ಚಿಕ್ಕ ಹುಡುಗರ ನಡುವೆ ಕೂತು ಎ, ಎಸ್, ಡಿ, ಎಫ್ ಹೊಡೆದ. ಪುಟ ತುಂಬಿದ ಮೇಲೆ ಅಪ್ಪ, “ಹಳೇ ಅಕ್ಷರಾ ಹಾಕು, ಸಾಲು ತಾವ ನಿಂದರ್ತಾವ,” ಎಂದ. ನಾನು ಎದುರಿಗೇ ಕೂತು ಚುರುಮುರಿ ತಿಂದೆ. ಅಂಥ ರುಚಿಯ ಚುರುಮುರಿ ಮತ್ತೆ ಸಿಕ್ಕಿಲ್ಲ.

ಆದರೂ ಕ್ಲಾಸು ಉಳಿಯಲಿಲ್ಲ. ಅಪ್ಪನೂ ಉಳಿಯಲಿಲ್ಲ.

ಈಗ ಅದೇ ದಪ್ಪ ಕಾಲಿನ ಅಕ್ಷರ ಫ್ಯಾಶನ್ ಆಗಿದೆ. ಕಾಫಿ ಅಂಗಡಿಯ ಮೆನುವಿನಲ್ಲಿ, ಮದುವೆ ಕಾರ್ಡಿನಲ್ಲಿ, ಬಾಬುವಿನ ದೊಡ್ಡ ಅಂಗಡಿಯ ಬೋರ್ಡಿನಲ್ಲೂ ಅದೇ. ಮೊನ್ನೆ ಮನೆಗೆ ಬಂದಿದ್ದ. “ತಂಗೀ, ಸರ್ ಅವರ ಮಶೀನ್ ಐತೇನವಾ? ಶೋಕೇಸಿನ್ಯಾಗ ಇಡ್ತಿದ್ನಿ.”

“ಇಲ್ರಿ ಅಣ್ಣಾ. ನೀವ ಹೇಳಿದ್ರಲ್ಲಾ, ಗುಜರಿಗೆ ಹಾಕಿದ್ವಿ.”

ಅವನ ಮುಖ ಇಷ್ಟು ಸಣ್ಣದಾಯಿತು. ಆ ಮುಖ ನೋಡುತ್ತ ಚಹಾ ಕುಡಿಸಿ ಕಳಿಸಿದೆ. ಆಮೇಲೆ ಒಳಗಿನ ಕೋಣೆಗೆ ಹೋಗಿ ಮಶೀನಿನ ಮೇಲಿನ ಬಟ್ಟೆ ತೆಗೆದೆ. ರಿಬ್ಬನ್ ಒಣಗಿದೆ; ಹೊಡೆದರೆ ಕಾಗದದ ಮೇಲೆ ಬರೀ ತಗ್ಗು ಬೀಳುತ್ತದೆ. ನಾನು ಹೇಳಿದ್ದನ್ನು ಕೇಳಿ ಹೊಟ್ಟೆತುಂಬ ನಗಬೇಕಾದವನು ಅಪ್ಪ ಒಬ್ಬನೇ.