ಮೂಡಲ ಕಡೆಯ ಹೀರೆಬಳ್ಳಿ

ಆಗೆಲ್ಲ ಹೊಸನಗರದ ನಮ್ಮ ಓಣಿಯಲ್ಲಿ ಹಿತ್ತಲು ಎಷ್ಟೇ ಚಿಕ್ಕದಿರಲಿ, ಒಂದಾದರೂ ತರಕಾರಿ ಬಳ್ಳಿ ಇಲ್ಲದ ಮನೆ ಇರಲಿಲ್ಲ. ನಮ್ಮದು ಸಾಲುಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಹರಿಯುವ ಕಾಲುವೆ, ಅದರಾಚೆ ಕಾಂಪೌಂಡು. ನಡುವೆ ಉಳಿದದ್ದು ನಾಲ್ಕು ಚಾಪೆ ಹಾಸುವಷ್ಟು ಜಾಗ. ಆ ಜಾಗಕ್ಕೆ ನಾನೇ ಯಜಮಾನಿ. ಯಾರೂ ಕೊಟ್ಟಿದ್ದಲ್ಲ, ನಾನೇ ತೆಗೆದುಕೊಂಡಿದ್ದು.

ಅಲ್ಲಿ ನಾನು ಮಾಡದ ಪ್ರಯೋಗವಿಲ್ಲ. ಮೊಳಕೆ ಬಂದ ಆಲೂಗಡ್ಡೆಯನ್ನು ಗೋಣಿಚೀಲದಲ್ಲಿ ಹೂತಿಟ್ಟು ಗೋಲಿಯಷ್ಟು ದಪ್ಪದ ಗಡ್ಡೆ ತೆಗೆದೆ. ಕ್ಯಾರೆಟ್ ಹಾಕಿದರೆ ಇಲಿಬಾಲದ ಹಾಗೆ ಬಂತು. ಕೊತ್ತಂಬರಿ ಮೊದಲ ಮಳೆಗೇ ಕಾಲುವೆ ಸೇರಿತು. ಎಲೆಕೋಸು ಬರೀ ಎಲೆ ಬಿಟ್ಟಿತು, ಗಡ್ಡೆ ಕಟ್ಟಲೇ ಇಲ್ಲ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಆ ಎಲೆಯನ್ನೇ ಹೆಚ್ಚಿ ಪಲ್ಯ ಮಾಡಿ, "ನಮ್ಮ ಸುಮಿ ಬೆಳೆದ ಕೋಸು. ಒಂದೊಂದೇ ಚಮಚ ತಿನ್ನಿ, ಎರಡನೇದು ಕೇಳ್ಬೇಡಿ" ಎಂದು ಬಡಿಸಿದಳು. ಎಲ್ಲರೂ ನಕ್ಕರು. ನಗಲಿ ಬಿಡಿ ಅಂದುಕೊಂಡು ನಾನು ಮರುದಿನವೇ ಮೂಲಂಗಿ ಬಿತ್ತಿದೆ.

ಅಪ್ಪ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಸಾಗರ, ಮಧ್ಯಾಹ್ನ ತೀರ್ಥಹಳ್ಳಿ, ಸಂಜೆ ಮತ್ತೆ ಹೊಸನಗರ. ಬಸ್ಸಿನಲ್ಲಿ ಬರುವ ಹೆಂಗಸರ ಹತ್ತಿರ ನನಗಾಗಿ ಬೀಜ ಕೇಳಿ ತರುತ್ತಿದ್ದ. ನಾನು ಏಳನೇ ಕ್ಲಾಸಿಗೆ ಹೋದ ವರ್ಷ ಬೇಸಿಗೆಯ ಕೊನೆಗೆ ಒಂದು ಸಂಜೆ, ಟಿಕೆಟ್ ಚೀಲದೊಳಗಿಂದ ಒಣಗಿದ ಹೀರೆಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಬೀಜ ಗಿಲಿಗಿಲಿ ಅಂದವು.

"ತೀರ್ಥಹಳ್ಳೀಲಿ ಹತ್ತಿದ ಅಮ್ಮ ಕೊಟ್ರು. ಕಾಯಿ ಮೊಣಕೈಯಷ್ಟುದ್ದ ಬರ್ತದಂತೆ. ಇದಾದ್ರೂ ಬೆಳೀತೀಯಾ, ಇಲ್ಲ ಇದ್ರಲ್ಲೂ ಎಲೆ ಪಲ್ಯನಾ?"

"ನೋಡ್ತಾ ಇರು" ಅಂದೆ.

ಎರಡು ಗುಂಡಿ ತೋಡಿದೆ. ಒಂದು ಮೂಡಲ ಕಡೆ, ಒಗೆಯುವ ಕಲ್ಲಿನ ಪಕ್ಕ. ಇನ್ನೊಂದು ಪಡುವಲ ಕಡೆ, ಕಾಂಪೌಂಡಿನ ಬುಡದಲ್ಲಿ. ಸಗಣಿ ಗೊಬ್ಬರ, ಬಚ್ಚಲೊಲೆಯ ಬೂದಿ, ಎರಡಕ್ಕೂ ಸಮನಾಗಿ ಹಾಕಿದೆ. ಅಪ್ಪ ಬಿದಿರು ಗಳ ತಂದು ಹಳೆಯ ಹಗ್ಗದಲ್ಲಿ ಚಪ್ಪರ ಕಟ್ಟಿಕೊಟ್ಟ. ಈ ಸಲ ಬಳ್ಳಿ ನನ್ನ ಮಾತು ಕೇಳಿತು. ಆಷಾಢ ಹಿಡಿಯುವ ಹೊತ್ತಿಗೆ ಎರಡೂ ಚಪ್ಪರಕ್ಕೆ ಹತ್ತಿದವು. ಹೀರೆಹೂವು ಅರಳುವುದು ಸಂಜೆ. ಶಾಲೆಯಿಂದ ಬಂದು ಕಾಫಿ ಲೋಟ ಹಿಡಿದು ಚಪ್ಪರದ ಕೆಳಗೆ ನಿಂತರೆ ಒಂದೊಂದೇ ಹಳದಿ ಹೂವು ಬಿಚ್ಚಿಕೊಳ್ಳುತ್ತಿತ್ತು. ಆ ವಾಸನೆ ಯಾವ ಸೆಂಟಿನಲ್ಲೂ ಬರುವುದಿಲ್ಲ.

ಅಷ್ಟರಲ್ಲಿ ನಾನು ದೊಡ್ಡವಳಾದೆ. ಮನೆಯಲ್ಲಿ ಆರತಿ ಮಾಡಿದರು, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕೊಟ್ಟರು. ಆಹಾ, ಏನು ಸಂಭ್ರಮ! ಅದರ ಬೆನ್ನಿಗೇ ಅಟ್ಟದ ಮೆಟ್ಟಿಲ ಕೆಳಗೆ ಒಂದು ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅಮ್ಮ ಪ್ರತಿ ತಿಂಗಳೂ ಕೂರುತ್ತಿದ್ದ ಜಾಗವದು. ಮೂರು ದಿನ ಅಡಿಗೆಮನೆ ಇಲ್ಲ, ದೇವರಕೋಣೆ ಇಲ್ಲ. ಅದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಸಂಜೆ ಹಿತ್ತಿಲ ಬಾಗಿಲು ದಾಟುವಾಗ ಗೊತ್ತಾಯಿತು.

"ಏ ಹುಡ್ಗಿ, ಎಲ್ಲಿಗೆ?" ಅಜ್ಜಿ ಅಡ್ಡ ನಿಂತಳು.

"ಹೀರೆ ನೋಡೋಕೆ."

"ಬಳ್ಳಿ ಹತ್ರ ಹೋಗ್ಬಾರ್ದು ಮಾರಾಯ್ತಿ. ಮುಟ್ಟಾದವ್ರು ಮುಟ್ಟಿದ್ರೆ ಬಳ್ಳಿ ಸುಟ್ಟುಹೋಗ್ತದೆ."

"ನಿನ್ನೆ ಮುಟ್ಟಿದ್ದೆ, ಆಗ ಸುಡ್ಲಿಲ್ವಲ್ಲ?"

"ನಿನ್ನೆ ನಿನ್ನೆ. ಇವತ್ತು ಇವತ್ತು. ಎದುರು ಮಾತಾಡ್ಬೇಡ, ಹೋಗಿ ಕೂತ್ಕ."

ಅಪ್ಪ ಜಗುಲಿಯಿಂದ, "ಅಲ್ಲಮ್ಮಾ, ಬಳ್ಳಿಗೆ ಕ್ಯಾಲೆಂಡರ್ ಗೊತ್ತಾಗ್ತದಾ?" ಅಂದ. ಅಜ್ಜಿ ಒಂದು ಸಲ ತಿರುಗಿ ನೋಡಿದಳು, ಅಷ್ಟೇ. ಅಪ್ಪ ಪೇಪರಿನೊಳಗೆ ಮುಖ ಹುದುಗಿಸಿದ. ಬಸ್ಸಿನಲ್ಲಿ ಐವತ್ತು ಜನರನ್ನು ಗದರಿಸುವ ಗಂಡಸು ಅವನು!

ಹೊರಗೆ ಜಡಿಮಳೆ ಹಿಡಿದಿತ್ತು. ಆ ತಿಂಗಳು ನಾನು ಅಜ್ಜಿಯ ಮಾತು ಕೇಳಿದೆ. ಬಳ್ಳಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಓಡಿಹೋಗಿ ನೋಡಿದರೆ, ಎರಡು ಬಳ್ಳಿಯಲ್ಲೂ ಬೆರಳುದ್ದದ ಮಿಡಿಗಳೆಲ್ಲ ಹಳದಿಯಾಗಿ, ಮೆತ್ತಗಾಗಿ ನೆಲಕ್ಕೆ ಬಿದ್ದಿದ್ದವು. ಒಂದೂ ಉಳಿದಿರಲಿಲ್ಲ. ಅಜ್ಜಿ ಕೆನ್ನೆಗೆ ಕೈ ಕೊಟ್ಟು ನೋಡಿದಳು.

"ನೋಡು, ನಿನ್ನ ನೆರಳು ಬಿದ್ದಿದ್ದು."

"ನಾ ಈ ಕಡೆ ಬಂದೇ ಇಲ್ವಲ್ಲ ಅಜ್ಜಿ!"

"ಕಿಟಕಿಯಿಂದ ನೋಡಿರ್ತೀಯ."

ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಮುಟ್ಟಿದರೂ ನನ್ನದೇ ತಪ್ಪು, ಮುಟ್ಟದಿದ್ದರೂ ನನ್ನದೇ ತಪ್ಪು. ಅದೇ ಬಾಯಲ್ಲಿ ಅಜ್ಜಿ ತೀರ್ಪನ್ನೂ ಕೊಟ್ಟಳು. "ಚೌತಿ ಹೊತ್ತಿಗೆ ಒಂದಾದ್ರೂ ಕಾಯಿ ಬಿಟ್ರೆ ಸರಿ. ಇಲ್ದಿದ್ರೆ ಚಪ್ಪರ ಕೀಳಿಸ್ತೀನಿ. ದೊಡ್ಡೋಳಾದೆ, ಇನ್ನು ಹಿತ್ಲು ಗಿತ್ಲು ಅಂತ ಅಲೆಯೋದು ಸಾಕು." ಅಂದರೆ ಹೋಗುವುದು ಬಳ್ಳಿ ಮಾತ್ರವಲ್ಲ, ನನ್ನ ನಾಲ್ಕು ಚಾಪೆ ಜಾಗವೂ ಹೋಗುತ್ತಿತ್ತು. ಅಮ್ಮ ಬಿದ್ದ ಮಿಡಿಯೊಂದನ್ನು ಎತ್ತಿ, ಉಗುರಲ್ಲಿ ಸೀಳಿ ನೋಡಿ ಬಿಸಾಡಿದಳು.

ಉತ್ತರ ಸಿಕ್ಕಿದ್ದು ಶಾಲೆಯಲ್ಲಿ. ಕುಂಬಳ, ಹೀರೆ, ಹಾಗಲಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ ಎಂದು ವಿಜ್ಞಾನದ ಮೇಷ್ಟ್ರು ಪಾಠ ಮಾಡಿದರು. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಗಂಡಿನ ಪುಡಿ ಹೆಣ್ಣಿಗೆ ತಾಗದಿದ್ದರೆ ಮಿಡಿ ಉದುರುತ್ತದೆ. ನಾನು ಬೆಂಚಿನಿಂದ ಎದ್ದು ನಿಂತೆ. "ಸಾರ್, ಜಡಿಮಳೇಲಿ ಹುಳ ಹಾರದೇ ಇದ್ರೆ?"

"ಆಗ ಪುಡಿ ಯಾರು ತಾಗಿಸ್ಬೇಕು? ನೀನೇ ತಾಗಿಸ್ಬೇಕು" ಅಂದರು ಮೇಷ್ಟ್ರು. ಕ್ಲಾಸು ನಕ್ಕಿತು. ನಾನು ನಗಲಿಲ್ಲ. ನನಗೆ ಬೇಕಾದ ಮಾತು ಸಿಕ್ಕಿತ್ತು.

ಆದರೆ ಬೇಕೆಂದೇ ಕಾದೆ. ಬೇರೆ ದಿನ ಮುಟ್ಟಿ ಕಾಯಿ ಕಟ್ಟಿಸಿದರೆ ಅದರಲ್ಲೇನು ದೊಡ್ಡಸ್ತಿಕೆ? ಮರುತಿಂಗಳು ಮತ್ತೆ ಮೆಟ್ಟಿಲ ಕೆಳಗಿನ ಚಾಪೆಗೆ ಬಂದೆ. ಆಗಲೂ ಮಳೆ ಬಿಟ್ಟಿರಲಿಲ್ಲ, ಜೇನಿನ ಸುಳಿವಿರಲಿಲ್ಲ. ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚಲು ಹೋದ ಕೂಡಲೇ ಕೊಡೆ ಹಿಡಿದು ಹಿತ್ತಿಲಿಗೆ ಇಳಿದೆ. ಮೂಡಲ ಬಳ್ಳಿಯನ್ನು ಮುಟ್ಟುವುದು, ಪಡುವಲ ಬಳ್ಳಿಯನ್ನು ಮುಟ್ಟದೇ ಇರುವುದು, ಇದು ನನ್ನ ಲೆಕ್ಕ. ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಪ್ರತಿ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿದೆ. ಪುಡಿ ತೊಳೆದುಹೋಗದ ಹಾಗೆ ಖಾಲಿ ಹಾಲಿನ ಪ್ಯಾಕೆಟ್ಟನ್ನು ಟೊಪ್ಪಿಯ ಹಾಗೆ ಹೊದೆಸಿದೆ, ಅಜ್ಜಿ ಏಳುವ ಮೊದಲೇ ತೆಗೆದೆ.

ತಲೆ ಎತ್ತಿದರೆ ಅಡಿಗೆಮನೆ ಕಿಟಕಿಯಲ್ಲಿ ಅಮ್ಮ. ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ಅದೇ ಹೊತ್ತಿಗೆ ಅಜ್ಜಿ ದೇವರಕೋಣೆಯಿಂದ ಹಿತ್ತಿಲ ಬಾಗಿಲ ಕಡೆಗೆ ಬರುವ ಸದ್ದು.

"ಅತ್ತೆ!" ಅಮ್ಮ ಕೂಗಿದಳು. "ಸ್ವಲ್ಪ ಇಲ್ಲಿ ಬನ್ನಿ, ಹುಳಿಗೆ ಉಪ್ಪು ಸಾಕಾ ನೋಡಿ."

ಅಜ್ಜಿಗೆ ಅದಕ್ಕಿಂತ ಇಷ್ಟದ ಕೆಲಸವಿರಲಿಲ್ಲ. ಒಳಗೆ ತಿರುಗಿದಳು. ಆ ಮೂರೂ ಸಂಜೆ ಅಮ್ಮನಿಗೆ ಹುಳಿಯ ಉಪ್ಪಿನ ಮೇಲೆ ಅನುಮಾನ. "ಎಂತದೆ ನಿಂಗೆ, ಮದ್ವೆಯಾಗಿ ಇಷ್ಟು ವರ್ಷ ಆತು, ಇನ್ನೂ ಉಪ್ಪಿನ ಅಂದಾಜು ಸಿಗ್ಲಿಲ್ವಾ?" ಎಂದು ಅಜ್ಜಿ ಬೈದಳು. ಅಮ್ಮ ತಲೆ ತಗ್ಗಿಸಿ ಬೈಸಿಕೊಂಡಳು.

ಮಿಡಿಗಳು ನಿಂತವು. ಮೂಡಲ ಬಳ್ಳಿಯಲ್ಲಿ ಮಾತ್ರ. ನೋಡನೋಡುತ್ತ ಗೇಣುದ್ದವಾಗಿ, ಮೊಣಕೈಯುದ್ದವಾಗಿ ಚಪ್ಪರದಿಂದ ಜೋತುಬಿದ್ದವು. ಪಡುವಲ ಬಳ್ಳಿ ಎಂದಿನಂತೆ ಹಳದಿ ಮಿಡಿ ಉದುರಿಸುತ್ತಲೇ ಇತ್ತು. ಅಜ್ಜಿ ಹಿಗ್ಗಿದಳು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಚೌತಿಗೆ ನಮ್ಮ ಕಡೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರೆ. ಮರದ ಚೌಕಟ್ಟಿಗೆ ಆ ಕಾಲದ ಹಣ್ಣು, ಕಾಯಿ, ಹೂವು ಎಲ್ಲ ತೂಗುಹಾಕುವುದು. ಉಳಿದವರ ಮನೆಯ ಫಲಾವಳಿಗೆ ಪೇಟೆಯ ಸೇಬು ಬಂದರೆ, ನಮ್ಮ ಮನೆಯಲ್ಲಿ ಅಜ್ಜಿ ಮಡಿಯುಟ್ಟು, ತನ್ನ ಕೈಯಾರೆ ನನ್ನ ಹೀರೆಕಾಯಿಗಳನ್ನು ಗಣಪತಿಯ ತಲೆಯ ಮೇಲೆಯೇ ಕಟ್ಟಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಣಪತಿಯ ಮುಖದಲ್ಲಿ ಏನೂ ಬದಲಾಗಲಿಲ್ಲ.

ಗಣಪತಿಯನ್ನು ಬಿಟ್ಟು ಬಂದ ಮಾರನೇ ಬೆಳಿಗ್ಗೆ ಫಲಾವಳಿಯ ಹೀರೆಕಾಯಿಗಳನ್ನು ಇಳಿಸಿ ದೋಸೆ ಮಾಡಿದರು. ಹೀರೆಕಾಯಿ ದೋಸೆಗೆ ಏನು ಮಹಾ ಬೇಕು? ನೆನೆಸಿದ ಅಕ್ಕಿಗೆ ಕೊತ್ತಂಬರಿ ಬೀಜ, ಒಣಮೆಣಸು, ಹುಣಸೆ, ಚೂರು ಬೆಲ್ಲ, ಒಂದು ಹಿಡಿ ಕಾಯಿತುರಿ ಹಾಕಿ ರುಬ್ಬಿದರೆ ಆಯಿತು. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹೀರೆಯನ್ನು ಹಿಟ್ಟಿನಲ್ಲಿ ಅದ್ದಿ, ಕಾವಲಿಯ ಮೇಲೆ ಒಂದಕ್ಕೊಂದು ತಾಗಿಸಿ ದುಂಡಗೆ ಜೋಡಿಸಿ, ಸಂದಿಗೆ ಹಿಟ್ಟು ತುಂಬಿ, ಸುತ್ತ ಎಣ್ಣೆ ಬಿಟ್ಟು ಮುಚ್ಚಿಡುವುದು. ಅಂಚು ಗರಿಗರಿ, ನಡುವೆ ಹೀರೆ ರಸರಸ. ಹೆರೆದ ಸಿಪ್ಪೆಯದ್ದೇ ಚಟ್ನಿ. ಬಿಸಾಡುವುದು ತೊಟ್ಟು ಮಾತ್ರ.

ಅಮ್ಮ ಕಾವಲಿಯ ಮುಂದೆ, ಉಳಿದವರೆಲ್ಲ ಎಲೆ ಮುಂದೆ ಕೂತೆವು. ಅಜ್ಜಿ ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ಒಂದು ದೋಸೆ ಮುಗಿಸಿ ಇನ್ನೊಂದು ಹಾಕಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ? ನೀ ದೂರ ಇದ್ದಿದ್ದಕ್ಕೆ ಮೂಡ್ಲ ಬಳ್ಳಿ ಹೆಂಗೆ ಬಿಡ್ತು! ದೊಡ್ಡೋರು ಸುಮ್ನೆ ಹೇಳೋದಲ್ಲ" ಅಂದಳು.

ಅದೊಂದು ಮಾತು ಆಡದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ತಡೆದುಕೊಳ್ಳಲು ಆಗಲಿಲ್ಲ.

"ಅಜ್ಜಿ, ಮೂಡ್ಲ ಬಳ್ಳೀನೇ ನಾ ಮುಟ್ಟಿದ್ದು. ಆ ಮೂರೂ ದಿನ. ಪ್ರತಿ ಹೂವೂ ಮುಟ್ಟಿದೀನಿ. ಮುಟ್ಟದೇ ಬಿಟ್ಟಿದ್ದು ಪಡುವ್ಲ ಬಳ್ಳಿ. ಅದ್ರಲ್ಲಿ ಒಂದು ಕಾಯಿ ತೋರ್ಸು."

ಅಪ್ಪ ತನ್ನ ಎಲೆಯಲ್ಲಿ ಏನೋ ಕಳೆದುಹೋದಂತೆ ಹುಡುಕತೊಡಗಿದ. ಅಜ್ಜಿ ಅಮ್ಮನ ಕಡೆ ನೋಡಿದಳು. "ಹೌದನೆ?"

ಅಮ್ಮ ಸುಳ್ಳು ಹೇಳಬಹುದಿತ್ತು. ಸೆರಗಿಗೆ ಕೈ ಒರೆಸಿಕೊಂಡು, "ಹೌದು ಅತ್ತೆ. ನಾ ಕಿಟಕಿಯಿಂದ ನೋಡ್ದೆ. ಹುಳೀಲಿ ಉಪ್ಪು ಮೂರು ದಿನಾನೂ ಸರಿಯಾಗೇ ಇತ್ತು" ಅಂದಳು. ಅಮ್ಮ ಅಜ್ಜಿಯ ಎದುರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿಯ ಎಲೆಯಲ್ಲಿ ಅರ್ಧ ದೋಸೆ ಉಳಿದಿತ್ತು. ಮೈಲಿಗೆಯ ಕೈಯಲ್ಲಿ ಬೆಳೆದದ್ದು, ತಿನ್ನುವ ಹಾಗಿಲ್ಲ. ಗಣಪತಿಯ ತಲೆಯ ಮೇಲೆ ತೂಗಿ ಪ್ರಸಾದವಾದದ್ದು, ಬಿಡುವ ಹಾಗಿಲ್ಲ. ಅದನ್ನು ಅಲ್ಲಿ ಕಟ್ಟಿದವಳೂ ಅವಳೇ. ಎಷ್ಟೋ ಹೊತ್ತು ಎಲೆಯನ್ನೇ ನೋಡುತ್ತ ಕೂತಳು. ಆಮೇಲೆ ಒಂದೊಂದೇ ತುಂಡು ಮುರಿದು, ಅಗಿದು, ಪೂರ್ತಿ ತಿಂದಳು. ಎದ್ದು ಕೈ ತೊಳೆದು ನೇರ ಬಚ್ಚಲಿಗೆ ಹೋಗಿ ಮತ್ತೊಮ್ಮೆ ಸ್ನಾನ ಮಾಡಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಅಮ್ಮನ ಜೊತೆಗೂ ಬಿಟ್ಟಳು. ನಾನೂ ಮುಖ ಊದಿಸಿಕೊಂಡು ಓಡಾಡಿದೆ.

ಚಪ್ಪರವನ್ನು ಮಾತ್ರ ಕೀಳಿಸಲಿಲ್ಲ. ಮುಂದಿನ ತಿಂಗಳು ನಾನು ಮತ್ತೆ ಮೆಟ್ಟಿಲ ಕೆಳಗೆ ಕೂತಿದ್ದೆ. ಸಂಜೆ ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಕಾಂಪೌಂಡಿಗೆ ಹೇಳುವವಳ ಹಾಗೆ ಗಟ್ಟಿಯಾಗಿ ಹೇಳಿದಳು. "ಎರಡೂ ಬಳ್ಳೀಲಿ ಹೂ ಅರಳಿದಾವೆ. ಈ ಮನೇಲಿ ನೋಡೋರೇ ಇಲ್ಲ." ಹೇಳಿ, ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎದ್ದುಹೋಗಿ ಎರಡೂ ಬಳ್ಳಿಯ ಹೂವು ಮುಟ್ಟಿದೆ. ಆ ವರ್ಷ ಹೀರೆಕಾಯಿಯನ್ನು ಓಣಿಗೆಲ್ಲ ಹಂಚಿದೆವು.

ಅಡಿಗೆಮನೆಯ ಬಾಗಿಲು ಮಾತ್ರ ಆ ದಿನಗಳಲ್ಲಿ ನನಗೂ ಅಮ್ಮನಿಗೂ ಕೊನೆವರೆಗೂ ತೆರೆಯಲಿಲ್ಲ. ಅಜ್ಜಿ ಸೋತದ್ದು ಹಿತ್ತಿಲಿನಷ್ಟು, ಅದರಾಚೆ ಒಂದು ಅಂಗುಲವೂ ಇಲ್ಲ. ಈಗ ಕೆಲವರು ಹೇಳುತ್ತಾರೆ, ಅದು ಹೆಂಗಸರಿಗೆ ವಿಶ್ರಾಂತಿ ಇತ್ತು, ಹಿರಿಯರು ಯೋಚನೆ ಮಾಡಿಯೇ ಮಾಡಿದ್ದು ಅಂತ. ವಿಶ್ರಾಂತಿಯಂತೆ! ಆ ಮೂರು ದಿನವೂ ಅಮ್ಮ ಹೊರಗೆ ಸೌದೆ ಒಡೆಯುತ್ತಿದ್ದಳು, ಮನೆಯವರ ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುತ್ತಿದ್ದಳು. ಆ ಚಾಪೆಯ ಮೇಲೆ ಕೂರದವರು ನನಗೆ ಅದರ ಸುಖ ವಿವರಿಸಲು ಬರಬೇಡಿ.

ಈಗ ನಾನು ಸಾಗರದಲ್ಲಿದ್ದೇನೆ. ಆ ಸಾಲುಮನೆಗಳು ಹೋಗಿ ಅಲ್ಲಿ ಅಂಗಡಿಗಳಾಗಿವೆ. ಒಗೆಯುವ ಕಲ್ಲಿಲ್ಲ, ಚಪ್ಪರವಿಲ್ಲ, ಅಜ್ಜಿಯಿಲ್ಲ, ಅಪ್ಪನೂ ಇಲ್ಲ. ಬೀಜ ಕೇಳಿದರೆ ಎಲ್ಲರೂ ಅಂಗಡಿಯ ಪ್ಯಾಕೆಟ್ ತೋರಿಸುತ್ತಾರೆ. ಮೆಟ್ಟಿಲ ಕೆಳಗಿನ ಆ ಮೂಲೆ ಹೋದದ್ದಕ್ಕೆ ನಾನು ಒಂದು ಹನಿ ಕಣ್ಣೀರೂ ಹಾಕುವುದಿಲ್ಲ. ಆದರೆ ಅಜ್ಜಿ ಬೇಕಿತ್ತು. ಅರ್ಧ ದೋಸೆಯ ಮುಂದೆ ಅಷ್ಟು ಹೊತ್ತು ಕೂತು ಯೋಚಿಸುವ ಜಗಳಗಂಟಿ ಮತ್ತೆ ನನಗೆ ಸಿಗಲಿಲ್ಲ. ಈಗಿನವರು ಯೋಚಿಸುವುದಿಲ್ಲ, ಫಾರ್ವರ್ಡ್ ಮಾಡುತ್ತಾರೆ.

ನಮ್ಮ ತಾರಸಿಯ ಮೇಲೆ ಪೇಂಟ್ ಬಕೆಟ್ಟಿನಲ್ಲಿ ಆ ಹೀರೆಯದ್ದೇ ಸಂತತಿ ಇದೆ. ಮೊನ್ನೆ ಸಂಜೆ ನನ್ನ ಮಗಳು ಮೊಣಕಾಲೂರಿ ಕೂತು ಹೂವಿಗೆ ಹೂವು ತಾಗಿಸುತ್ತಿದ್ದಳು. ಅವಳಿಗೆ ಅದು ಎರಡನೇ ದಿನ. ಆ ದಿನಕ್ಕೂ ಹೂವಿಗೂ ಯಾರಾದರೂ ಸಂಬಂಧ ಕಟ್ಟಿದ್ದರು ಎಂಬುದೇ ಅವಳಿಗೆ ಗೊತ್ತಿಲ್ಲ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ನಾನು ಅಡಿಗೆಮನೆಯಿಂದಲೇ ಕೂಗಿದೆ.

"ಪುಟ್ಟೀ, ಸ್ವಲ್ಪ ಇಲ್ಲಿ ಬಾ, ಹುಳಿಗೆ ಉಪ್ಪು ಸಾಕಾ ನೋಡು."

ಅವಳು ಒಳಗೆ ಬಂದಳು. ಪಾತ್ರೆಗೇ ಸೌಟು ಹಾಕಿ, ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಇನ್ನೊಂಚೂರು ಬೇಕು" ಅಂದಳು. ನಾನು ಹಾಕಿದೆ.