ಒಂದನೇ ಮಗ್ಗದ ಹಳದಿ ಕಲೆ

ಕಣ್ಣು ಮುಚ್ಚಿಕೊಂಡು ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಸಾಕು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ನಾಗರತ್ನಮ್ಮ ಹೇಳಿಬಿಡುತ್ತಿದ್ದರು. ಚಾಮರಾಜನಗರದ ನಮ್ಮ ರೇಷ್ಮೆ ಮಿಲ್ಲಿನಲ್ಲಿ ಹದಿನೆಂಟು ವರ್ಷದಿಂದ ಬಟ್ಟೆ ಪರೀಕ್ಷಿಸುವ ಕೆಲಸ ಅವರದು. ಅವರು ತಪ್ಪು ಎಂದರೆ ಮ್ಯಾನೇಜರ್ ಸೋಮೇಶ್ ಕೂಡ ಎರಡನೇ ಮಾತು ಆಡುತ್ತಿರಲಿಲ್ಲ. ನೇಯ್ದ ಬಟ್ಟೆಯನ್ನು ಸೋಪು-ಸೋಡಾ ನೀರಿನಲ್ಲಿ ಬೇಯಿಸಿ ಅಂಟು ತೆಗೆಯುವವನು ನಾನು.

ಈ ಫೆಬ್ರವರಿಯಲ್ಲಿ ಒಂದನೇ ಮಗ್ಗದ ಬಟ್ಟೆ ಬೆಂದು ಬಿಳಿಯಾದ ಮೇಲೆ ಹಳದಿ ಕಲೆ ಕಾಣತೊಡಗಿತು. 'ಮಗ್ಗದ ಎಣ್ಣೆ' ಎಂದು ನಾಗರತ್ನಮ್ಮ ಬರೆದರು. ಮೂರು ಸಲ ಬರೆದರು. ಆ ಮಗ್ಗ ನಡೆಸುವ ಬಿಂದುಶ್ರೀ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಬರುವ ಶನಿವಾರ ಅವಳನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಎಣ್ಣೆ ಹಾಕಲೂ ಬಾರದವಳು ಎಂದು ನಾನೂ ಬೈದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ.

ಶುಕ್ರವಾರ ಬೆಳಿಗ್ಗೆ ನಾಗರತ್ನಮ್ಮ ನನ್ನ ತೊಟ್ಟಿಯ ಬಳಿ ಬಂದು ನಿಂತರು.

"ಎಣ್ಣೆ ಆದ್ರೆ ಸೋಪಲ್ಲಿ ಓಗ್ಬೇಕಲ್ವಾ? ಇದ್ಯಾಕೆ ಓಗಕಿಲ್ಲ? ಮುಚ್ಚಳ ತೆಗಿ ಮಾದಪ್ಪ, ನೋಡನ."

ತೆಗೆದೆ. ನೀರಿನೊಳಗೆ ಕಲೆಗಳು ಕೆಂಪಗಿದ್ದವು! ಎತ್ತಿ ತಣ್ಣೀರಿನಲ್ಲಿ ಜಾಲಿಸಿದರೆ ಮತ್ತೆ ಹಳದಿ. ದಿನಾ ಬೇಯಿಸುವ ನಾನು ಒಮ್ಮೆಯೂ ಇಣುಕಿ ನೋಡಿರಲಿಲ್ಲ.

"ಅರಿಸಿನಕ್ಕೆ ಸುಣ್ಣ ಬೆರೆಸಿದ್ರೆ ಕೆಂಪಗೆ ಓಕ್ಳಿ ಆಯ್ತದಲ್ಲ, ಅಂಗೇ ಈ ಸೋಡಾ ನೀರಲ್ಲೂ. ಅರಿಸಿನ ಕಣಪ್ಪಾ!"

ಗೆದ್ದವರಂತೆ ಅಂದವರು ಬಟ್ಟೆಯತ್ತ ಬಗ್ಗಿದರು. ಕಲೆಗಳು ನಾಲ್ಕು ನಾಲ್ಕಾಗಿ ಸಾಲಿನಲ್ಲಿದ್ದವು. ಅವುಗಳ ಮೇಲೆ ತಮ್ಮ ಬೆರಳುಗಳನ್ನು ಇಟ್ಟರು. ಸರಿಯಾಗಿ ಕೂತವು.

ಅವರ ಊರಾದ ಉಡಿಗಾಲದ ಮನೆಯಲ್ಲಿ ಅದು ಅರಿಶಿನ ಬೇಯಿಸುವ ಕಾಲ. ಬೆಳಿಗ್ಗೆ ಅದನ್ನು ಒಣಗಲು ಹರವಿಯೇ ಬಸ್ಸು ಹತ್ತುತ್ತಿದ್ದರು. ಕೈ ತೊಳೆದರೂ ಬಣ್ಣ ಪೂರ್ತಿ ಹೋಗದು. ಬೇಯಿಸಲು ಕಳಿಸುವ ಮುಂಚೆ ಪರೀಕ್ಷಿಸುವಾಗ ದಿನವೂ ಮೊದಲು ಸವರುತ್ತಿದ್ದುದು ಒಂದನೇ ಮಗ್ಗದ ಬಟ್ಟೆ. ಉಳಿದ ಬಣ್ಣ ಅದಕ್ಕೇ ಹತ್ತಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಕೈ ಶುದ್ಧವಾಗಿರುತ್ತಿತ್ತು. ಬೇಯಿಸದ ರೇಷ್ಮೆಯೂ ಹಳದಿಯೇ ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವರು ನೇರ ಸೋಮೇಶ್ ಬಳಿಗೆ ಹೋದರು. "ಕಲೆ ನನ್ ಕೈದು ಸಾರ್, ಆ ಉಡ್ಗಿದಲ್ಲ." ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲದೆಂದು ಬಟ್ಟೆಯನ್ನು ಹೊರಗೆ ಹರವಿಸಿದರು, ಸಂಜೆಗೆ ಕಲೆ ಮಾಯವಾಯಿತು. ಬಿಂದುಶ್ರೀಯ ಕೆಲಸವೂ ಉಳಿಯಿತು.

ಆಮೇಲೆ ಅವಳ ಮುಂದೆ ನಿಂತು ಕೇಳಿದರು, "ತಪ್ಪಾಯ್ತು ಕಣಮ್ಮಿ. ನಂದಲ್ಲ ಅಂತ ನೀನಾದ್ರೂ ಯೋಳ್ಬಾರ್ದಾಗಿತ್ತಾ?"

ಹುಡುಗಿಯ ಕಣ್ಣು ತುಂಬಿತು.

"ನಿಮ್ ಕೈ ತಪ್ಪು ಯೋಳಕಿಲ್ಲ ಅಂತ ಎಲ್ರೂ ಅಂದ್ರಲ್ಲಕ್ಕ. ನಂದೇ ತಪ್ಪು ಅನ್ಕಂಬುಟ್ಟು, ದಿನಾ ಮಗ್ಗ ಒರೆಸ್ತಿದ್ದೆ."